ಜಯಕ್ಕನಿಗೆ ನಾನು ಕೊಡದೇ ಹೋದದ್ದು

ಜಯಕ್ಕ, ನಿಮ್ಮ ಆಪರೇಷನ್ನಿನ ಹಿಂದಿನ ದಿನ ಹೇಳಬೇಕಾಗಿದ್ದ ಮಾತನ್ನು ನಾನು ನಿಮಗೆ ಹೇಳಲಿಲ್ಲ. ಹೇಳಿದ್ದೇನೆಂದು ಕೇಸ್ ಶೀಟಿನಲ್ಲಿ ಬರೆದೆ. ಆರು ವರ್ಷ ಇದನ್ನು ಬಚ್ಚಿಟ್ಟುಕೊಂಡೇ ನಿಮ್ಮಿಂದ ಹೊಗಳಿಸಿಕೊಂಡಿದ್ದೇನೆ.

ಎದೆಯ ಕ್ಯಾನ್ಸರಿಗೆ ಆಪರೇಷನ್ ಆಗುವ ಹೆಂಗಸರ ಪಕ್ಕ ಹಿಂದಿನ ದಿನ ಕುಳಿತು ಮಾತಾಡುವುದು ನಮ್ಮ ವಾರ್ಡಿನಲ್ಲಿ ನರ್ಸಿನ ಕೆಲಸ. ಒಂದು ಮೊಲೆ ಪೂರ್ತಿ ಹೋಗುತ್ತದೆ, ಗಾಯ ಹೀಗೆ ಕಾಣುತ್ತದೆ ಎಂದು ಬಿಡಿಸಿ ಹೇಳಬೇಕು. ಗಾಯ ಮಾಗಿದ ಮೇಲೆ ರವಿಕೆಯೊಳಗೆ ಇಟ್ಟುಕೊಳ್ಳಲು ಹತ್ತಿಯ ಮೆತ್ತನೆ ಪ್ಯಾಡು ಕೊಡಬೇಕು. ಎಷ್ಟೋ ಜನರಿಗೆ ಮಾಡಿದ್ದೇನೆ. ನಿಮ್ಮ ಮುಂದೆ ಮಾತ್ರ ನಾಲಿಗೆ ಏಳಲಿಲ್ಲ. ನೀವು ನನ್ನ ತವರು ಅರಕೆರೆಯ ಟೈಲರ್ ಜಯಕ್ಕ—ನನ್ನ ಮದುವೆಯ ರವಿಕೆಗೆ ಅಳತೆ ತೆಗೆಯುವಾಗ, "ನೆಟ್ಟಗೆ ನಿಂತ್ಕೊ ಕಣವ್ವ, ಇದ್ರಲ್ಲಿ ನಾಚ್ಕೊಳೋದೇನೈತೆ" ಎಂದು ಬೆನ್ನಿಗೆ ಗುದ್ದಿದವರು. ಅಂಥ ನಿಮಗೆ ನಾನು—ಆ ಮಾತನ್ನು—ಹೇಗೆ...

ನೀವೇ ಕೇಳಿದಿರಿ. "ಆದ್ಮೇಲೆ ಎಂಗೆ ಕಾಣ್ತೀನವ್ವ? ಬ್ಲೌಸು ಎಂಗೆ ಕೂರ್ತದೆ?"

"ಜೀವ ಉಳಿದ್ರೆ ಸಾಕಲ್ವಾ ಅಕ್ಕ? ಈ ವಯಸ್ನಲ್ಲಿ ಅದ್ನೆಲ್ಲಾ ಯಾರು ನೋಡ್ತಾರೆ?" ಎಂದುಬಿಟ್ಟೆ.

ನೀವು ತಲೆಯಾಡಿಸಿ ಸೆರಗು ಸರಿಮಾಡಿಕೊಂಡಿರಿ. ಮತ್ತೆ ಕೇಳಲಿಲ್ಲ. ಊರ ಹೆಂಗಸರಿಗೆಲ್ಲ ಮೈಗೊಪ್ಪುವಂತೆ ಹೊಲಿದುಕೊಟ್ಟವರಿಗೆ, ಯಾರು ನೋಡುತ್ತಾರೆ ಎಂದೆನಲ್ಲ! ಎಂಥ ಬಾಯಿ ನನ್ನದು. ಪ್ಯಾಡು ಬೀರುವಿನಲ್ಲೇ ಉಳಿಯಿತು.

ಬ್ಯಾಂಡೇಜು ಬಿಚ್ಚಿದ ದಿನ ನೀವು ಗೋಡೆ ಕಡೆ ತಿರುಗಿ ಮಲಗಿದಿರಿ. ಊರಿಗೆ ಹೋದ ಮೇಲೆ ಒಂದು ವರ್ಷ ಹೊಲಿಗೆ ಮಿಷನ್ನು ಮುಟ್ಟಲಿಲ್ಲವಂತೆ. ಪಾಂಡವಪುರದಲ್ಲಿ ನಡೆದ ತಮ್ಮನ ಮಗಳ ಮದುವೆಗೂ, ಸೋದರತ್ತೆಯಾಗಿದ್ದೂ ಹೋಗಲಿಲ್ಲವಂತೆ. ಇದನ್ನು ನೀವೇ ನಗುನಗುತ್ತಾ ಹೇಳಿದ್ದು, ಕಳೆದ ವಾರ ಚೆಕಪ್ಪಿಗೆ ಬಂದಾಗ. ಆಮೇಲೆ ಬ್ಯಾಗಿನಿಂದ ಒಂದು ಗಂಟು ತೆಗೆದಿರಿ. ಹಳೇ ಸೀರೆಯ ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲಗಳು; ತೂಕ ಬರಲೆಂದು ಒಳಗೆ ಸಾಸಿವೆ ತುಂಬಿದ್ದಿರಿ.

"ನಾಕೈದ್ ಸಲ ಬಿಚ್ಚಿ ಮಾಡಿ ನಾನೇ ಕಲ್ತ್ಕಂಡೆ ಕಣವ್ವ. ಇದ್ನ ಒಳಗಿಟ್ಕಂಡ್ ಮ್ಯಾಕೇ ನಾನು ಬೀದಿಗೆ ಬಂದಿದ್ದು. ಇಂಗೊಂದು ಮಾಡ್ಕಬೋದು ಅಂತ ನಂಗ್ಯಾರೂ ಯೋಳ್ನಿಲ್ಲ. ನಿಂಗೂ ಗೊತ್ತಿರ್ನಿಲ್ಲ, ಪಾಪ. ಇವ್ನ ಆಪ್ರೇಸನ್ಗೆ ಬರೋ ಎಣ್ಮಕ್ಳಿಗೆ ಕೊಟ್ಬುಡು" ಎಂದು ನನ್ನ ಕೆನ್ನೆ ಸವರಿದಿರಿ.

ಗೊತ್ತಿತ್ತು ಜಯಕ್ಕ. ನನಗೆ ಗೊತ್ತಿತ್ತು. ನೀವು ಸವರಿದ ಕೆನ್ನೆಗೆ ಎರಡು ಬಿಗಿದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಾಚಿಕೆ ನನ್ನದು, ಶಿಕ್ಷೆ ನಿಮ್ಮದಾಯಿತು.

ನಿನ್ನೆ ನಾಗಮಂಗಲದ ಹೆಂಗಸೊಬ್ಬರ ಪಕ್ಕ ಒಂದು ಗಂಟೆ ಕುಳಿತೆ. ಏನು ಹೋಗುತ್ತದೆ, ಏನು ಉಳಿಯುತ್ತದೆ ಎಲ್ಲ ಹೇಳಿದೆ. ಅವರು ಅತ್ತರು, ನಾನು ಎದ್ದು ಹೋಗಲಿಲ್ಲ. ಅದರಿಂದ ನಿಮ್ಮ ಆ ಒಂದು ವರ್ಷವೇನೂ ವಾಪಸು ಬರುವುದಿಲ್ಲ.

ಭಾನುವಾರ ಅರಕೆರೆ ಬಸ್ಸು ಹತ್ತುತ್ತೇನೆ. ಹೊಸ್ತಿಲು ದಾಟಿದ ಕೂಡಲೇ ನನ್ನ ಮುಂದೆ ತಟ್ಟೆ ಇಡುವವರು ನೀವು. ಇಡಬೇಡಿ. ಇದೆಲ್ಲವನ್ನೂ ನಿಮ್ಮ ಮುಖ ನೋಡಿಕೊಂಡು ಹೇಳುತ್ತೇನೆ, ಪೂರ್ತಿ ಕೇಳಿ. ಆಮೇಲೂ ಬಡಿಸುವ ಮನಸ್ಸಿದ್ದರೆ ಬಡಿಸಿ.