ಯಾರ ದನಿಯಲ್ಲಿ ಕೇಳುತ್ತಾರೆ ಗಾದೆಮ್ಮ?

ಹೂವಿನಹಡಗಲಿಯಾಚೆಯ ಮಲ್ಲಿಗೆ ತೋಟದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮೊಗ್ಗು ಬಿಡಿಸುವವರ ಮುಖ ಕಾಣುವುದಿಲ್ಲ, ಬಳೆಯ ಸದ್ದಷ್ಟೇ ಕೇಳುತ್ತದೆ. ಅವರಲ್ಲೊಬ್ಬಾಕೆಯನ್ನು ಬದುವಿನ ಮೇಲೆ ಕೂರಿಸಿಕೊಂಡು ಗಾದೆಮ್ಮ ಕೇಳುತ್ತಾರೆ: "ಹೋದ ವಾರ ನಿದ್ದಿ ಹೆಂಗ ಬಂತ್ರಿ? ಸುಮ್‌ಸುಮ್ನ ಎದಿ ಹೊಡ್ಕಂತೇನ್ರಿ?" ಉತ್ತರ ಬರುವವರೆಗೂ ಮಿಸುಕುವುದಿಲ್ಲ. ಬಂದ ಮೇಲೂ ಅಯ್ಯೋ ಎನ್ನುವುದಿಲ್ಲ. ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಚಿಗಟೇರಿಯ ಗಾದೆಮ್ಮ ಮನಸ್ಸಿನ ಆರೋಗ್ಯದ ಸಮೀಕ್ಷೆಗಾಗಿ ಊರೂರು ತಿರುಗುವವರು. ಗಂಡ ಪಾಲಾಕ್ಷಪ್ಪ ಕುರಿ ಹಿಂಡಿನೊಂದಿಗೆ ವರ್ಷದ ಅರ್ಧ ಊರಲ್ಲಿರುವುದಿಲ್ಲ. ಗಾದೆಮ್ಮ ಮೊದಲ ಬಸ್ಸಿಗೆ ಹೊರಟು ನಾಲ್ಕೈದು ಮನೆ ಮುಗಿಸುವಷ್ಟರಲ್ಲಿ ಹೊತ್ತು ಮುಳುಗುತ್ತದೆ. "ನಾಯಿ ಬೆನ್ನತ್ಯಾವ. ಹುಚ್ಚರ ಲೆಕ್ಕ ತಗಳ್ಳಾಕ ಬಂದಾಳಂತ ಬೈದಾರ. ಒಮ್ಮಿ ಕುಂತ್ರ ಮಾತ್ರ ಎಲ್ಲಾ ಹೇಳ್ತಾರ್ರಿ," ಎಂದು ನಗುತ್ತಾರೆ.

ನಿದ್ದೆ, ಭಯ, ಸಿಟ್ಟು, ಬೇಸರ, ಮೈಕೈ ನೋವು ಎಂದು ಪ್ರಶ್ನೆಗಳು ಬೇರೆ ಬೇರೆ. ಆದರೂ ಒಂದರಲ್ಲಿ ಬಳಲುವವರು ಉಳಿದವುಗಳಲ್ಲೂ ಬಳಲುವುದೇ ಹೆಚ್ಚು. ಉತ್ತರಗಳು ಹೀಗೆ ಜೊತೆಜೊತೆಗೆ ಏರಿಳಿಯುವುದನ್ನು ಕಂಡು, ಅವುಗಳ ತಳದಲ್ಲಿ ಎಲ್ಲಕ್ಕೂ ಸೇರಿದ್ದೊಂದು ಇರಬಹುದೆಂದು ಸಂಶೋಧಕರು ಲೆಕ್ಕ ಹಾಕುತ್ತಾರೆ. ಅದಕ್ಕೆ 'ಸಾಮಾನ್ಯ ಅಂಶ' ಎಂದು ಹೆಸರು. "ಅದನ್ನ ಯಾರೂ ಕಂಡಿಲ್ಲ. ಉತ್ತರಗಳು ಒಟ್ಟಿಗೆ ಅಲ್ಲಾಡಿದ್ರೆ ಐತಿ ಅಂತೀವಿ. ಎಲ್ಲಿಂದ ಬಂತು ಅಂತ ಪ್ರತಿ ಸಲ ಹುಡುಕ್ಬೇಕು," ಎನ್ನುತ್ತಾರೆ ಈ ಲೆಕ್ಕದ ಹೊಣೆ ಹೊತ್ತ ಶಾಂಭವಿ.

ಹೋದ ಬೇಸಿಗೆಯಲ್ಲಿ ಕೂಡ್ಲಿಗಿ ಕಡೆಯ ಊರೊಂದರ ಓಣಿಯಲ್ಲಿ ಗಾದೆಮ್ಮನಿಗೆ ಮನೆಯಿಂದ ಮನೆಗೆ ಒಂದೇ ಉತ್ತರ ಸಿಗತೊಡಗಿತು. ಅತ್ತೆಗೆ ನಿದ್ದೆಯಿಲ್ಲ, ಸೊಸೆಗಿಲ್ಲ, ಎದುರುಮನೆಗೆ ಆಗಷ್ಟೇ ಮದುವೆಯಾಗಿ ಬಂದವಳಿಗೂ ಇಲ್ಲ. ಎಲ್ಲರಿಗೂ ಬಾಗಿಲಲ್ಲಿ ಏನೋ ಬಂದು ನಿಂತ ಹಾಗೆ. ಕೇಳಿದ್ದು ಒಬ್ಬೊಬ್ಬರನ್ನೇ ಬೇರೆ ಕೂರಿಸಿ. ಭಯದ ಪ್ರಶ್ನೆ ಬಂದಾಗ ಹೆಂಗಸರು ಸೆರಗು ಬಿಗಿಹಿಡಿದು ಗಾದೆಮ್ಮನ ಬೆನ್ನ ಹಿಂದೆ ನೋಡುತ್ತಿದ್ದರು. ಕೊನೆಯ ಮನೆಯ ಮುದುಕಿ ಕೇಳಿಯೇಬಿಟ್ಟಳು: "ನಿನ್ ಸಂಗಾಟ ಬಂದಾಕಿ ಯಾರವ್ವಾ?"

ಗಾದೆಮ್ಮ ಒಬ್ಬರೇ ಹೋಗಿದ್ದರು. "ಹಿಂದ ತಿರುಗಿ ನೋಡ್ಲಿಲ್ರಿ ನಾನು. ಧೈರ್ಯ ಆಗ್ಲಿಲ್ಲ."

ಆ ಓಣಿಯ ಸಾಮಾನ್ಯ ಅಂಶ ಎಲ್ಲೂ ಇಲ್ಲದಷ್ಟು ಬಲವಾಗಿರುವುದು ಶಾಂಭವಿಯವರ ಕಣ್ಣಿಗೂ ಬಿತ್ತು. ಅವೇ ಮನೆಗಳಿಗೆ, ಅವೇ ಪ್ರಶ್ನೆ ಕೊಟ್ಟು, ಭೂಮಿಕಾ ಎಂಬ ಇನ್ನೊಬ್ಬ ಸಮೀಕ್ಷಕಿಯನ್ನು ಕಳುಹಿಸಿದರು. ಈ ಸಲ ಉತ್ತರಗಳು ಚೆಲ್ಲಾಪಿಲ್ಲಿ. ಒಬ್ಬಾಕೆಗೆ ಮಂಡಿನೋವು, ಇನ್ನೊಬ್ಬಾಕೆಗೆ ಗಂಡನ ಮೇಲೆ ಸಿಟ್ಟು, ಎದುರುಮನೆಯ ಸೊಸೆಗೆ ಗಾಢ ನಿದ್ದೆ. ಬಾಗಿಲಲ್ಲಿ ನಿಂತದ್ದರ ಮಾತನ್ನು ಯಾರೂ ಎತ್ತಲಿಲ್ಲ. ಅಂದರೆ ಎಲ್ಲರಲ್ಲೂ ಕಂಡದ್ದು ಓಣಿಯದಲ್ಲ, ಕೇಳಿದವರೊಂದಿಗೆ ಒಳಹೊಕ್ಕದ್ದು.

ಕೆಲಸ ಹೋಯಿತೆಂದುಕೊಂಡೇ ಗಾದೆಮ್ಮ ಹರಪನಹಳ್ಳಿಯ ಕಚೇರಿಗೆ ಬಂದರು. ಆ ಓಣಿಯ ಹೆಂಗಸರ ಒಪ್ಪಿಗೆ ಪಡೆದು ಗಾದೆಮ್ಮ ಮೊಬೈಲಿನಲ್ಲಿ ಹಿಡಿದಿದ್ದ ಮಾತುಗಳನ್ನು ಶಾಂಭವಿ ಹಾಕಿ ಕೇಳಿಸಿದರು. ನಿದ್ದೆಯ ಪ್ರಶ್ನೆ ಗಾದೆಮ್ಮನ ದನಿಯಲ್ಲೇ ಇತ್ತು. ಭಯದ ಪ್ರಶ್ನೆಗೆ ದನಿ ಇಳಿಯಿತು, ಒಡೆಯಿತು, ಯಾರೋ ವಯಸ್ಸಾದವಳದಾಯಿತು. ಪ್ರಶ್ನೆಗಳಲ್ಲೆಲ್ಲೂ ಇಲ್ಲದ ಮಾತೊಂದು ನಡುವೆ ತೂರಿಬಂತು: "ಬಾಗ್ಲಾಗ ಬಂದು ನಿಂತೈತೇನ?"

"ಇದು ನಮ್ಮವ್ವನ ದನಿ ಐತ್ರಿ," ಎಂದರು ಗಾದೆಮ್ಮ.

ತಾಯಿ ತೀರಿ ವರ್ಷಗಳೇ ಆಗಿದ್ದವು. ಮನಸ್ಸು ಕದಡಿದ್ದ ಆಕೆ ಸಂಜೆಯಾದರೆ ಮಕ್ಕಳ ರಟ್ಟೆ ಹಿಡಿದು ಕೇಳುತ್ತಿದ್ದದ್ದು ಇದನ್ನೇ. ಹೂಂ ಎನ್ನುವವರೆಗೂ ಬಿಡುತ್ತಿರಲಿಲ್ಲ. ಓಣಿಯಲ್ಲಿ ತಾನು ಹಾಗೆ ಕೇಳಿದ ನೆನಪು ಗಾದೆಮ್ಮನಿಗೆ ಈಗಲೂ ಇಲ್ಲ.

ಕೆಲಸವೇನೋ ಉಳಿಯಿತು. ಆ ಓಣಿಯ ಉತ್ತರಗಳನ್ನು ಬದಿಗಿಟ್ಟರು. ಈಗ ಪ್ರತಿ ಊರಲ್ಲೂ ಕೆಲವು ಮನೆಗಳಿಗೆ ಗಾದೆಮ್ಮ ಒಂದು ದಿನ, ಭೂಮಿಕಾ ಇನ್ನೊಂದು ದಿನ ಹೋಗುತ್ತಾರೆ. ಕೇಳುವವರಿಂದ ಬಂದದ್ದೆಷ್ಟು, ಹೇಳುವವರದೆಷ್ಟು ಎಂದು ತಿಳಿಯಲು ಇರುವ ದಾರಿ ಅದು. ಪ್ರತಿ ಮನೆ ಮುಗಿಸಿದ ಮೇಲೆ ಗಾದೆಮ್ಮ ಮೊಬೈಲನ್ನು ಕಿವಿಗಿಟ್ಟು ಅದರಲ್ಲಿ ಹಿಡಿದ ತಮ್ಮದೇ ದನಿಯನ್ನು ಕೇಳುತ್ತಾರೆ. ಒಂದೊಂದು ಸಲ ಅವ್ವ ಇರುತ್ತಾಳೆ. ಆ ದಿನ ಭೂಮಿಕಾಗೆ ಹೇಳಿ, ಆ ಮನೆಯನ್ನು ಅವಳಿಗೇ ಬಿಡುತ್ತಾರೆ.

"ನಮ್ಮವ್ವನ್ನ ಯಾರೂ ಹಿಂಗ ಕುಂದ್ರಿಸಿ, ನಿನಗೇನಾಗೈತಿ ಅಂತ ಕೇಳ್ಲಿಲ್ರಿ," ಎನ್ನುತ್ತಾರೆ. ಮುಂದಿನ ಮನೆಗೆ ಹೊರಡುತ್ತಾ ಮತ್ತೆ ಹೇಳುತ್ತಾರೆ: "ನಾ ಕೇಳಿದ್ರ ಜನ ತಮ್ಮ ತಮ್ಮ ಸಂಕಟ ಹೇಳ್ಲಿ, ಅಷ್ಟ ಸಾಕು. ನಮ್ಮವ್ವಂದು ನನ್ನತ್ರ ಇರ್ಲಿ."