ಗಡ್ಡದ ಕವಿಯ ಮುಖ

ಹಳೆ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವ ಗೋಂದಕ್ಕನಿಗೆ ಆ ಅಡ್ಡಹೆಸರು ಬಂದದ್ದೇ ಕೈಯಿಂದ. ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ಒಂದಿಷ್ಟು ಅಂಟು ಉಳಿದೇ ಇರುತ್ತಿತ್ತು. ಮಾವನಿಂದ ಕಲಿತ ಕಸುಬು, ಅವಸರ ಅಂದರೆ ಅವಳಿಗಾಗದು. ಅಂಥವಳೇ ಎಡವಿದಳು ನೋಡಿ.

ನಿವೃತ್ತ ಮೇಷ್ಟ್ರೊಬ್ಬರು ಅಮೆರಿಕದ ಸಾಹಿತ್ಯ ಚರಿತ್ರೆಯ ಹಳೆಯ ಸಚಿತ್ರ ಪುಸ್ತಕವನ್ನು ತಂದುಕೊಟ್ಟಿದ್ದರು. ಜೀವಮಾನವಿಡೀ ಅದನ್ನೇ ಹಿಡಿದು ಪಾಠ ಹೇಳಿದವರು. ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಅವಳಿಗೆ ಸಿಕ್ಕಿದ್ದೂ ಅವರ ಮಾತಿನಿಂದಲೇ. ಪುಸ್ತಕದ ಬೆನ್ನಿನ ಒಣ ಅಂಟು ಮೆತ್ತಗಾಗಲೆಂದು ಒದ್ದೆ ಬಟ್ಟೆ ಹಾಕಿದ್ದಳು. ಅಷ್ಟರಲ್ಲಿ ಬಚ್ಚಲಲ್ಲಿ ಅತ್ತೆ ಜಾರಿ ಬಿದ್ದರು. ಅವರನ್ನು ಎತ್ತಿ ಮಲಗಿಸಿ, ಉಪಚರಿಸಿ ಬರುವ ಹೊತ್ತಿಗೆ ತೇವ ಒಳಗಿಳಿದಿತ್ತು. ಬರಹದ ಹಾಳೆಗಾದರೆ ಚಿಂತೆಯಿಲ್ಲ. ಚಿತ್ರಗಳಿದ್ದದ್ದು ಹೊಳಪು ಕಾಗದದ ಮೇಲೆ. ಅದು ನೆನೆದು ಒಣಗಿತೋ, ಒಂದಕ್ಕೊಂದು ಕಚ್ಚಿಕೊಂಡು ಇಟ್ಟಿಗೆಯಾಗುತ್ತದೆ.

ಒಣಗಲು ಬಿಡದಿರುವುದೊಂದೇ ದಾರಿ. ಪರರ ಪುಸ್ತಕವನ್ನು ಎತ್ತಿ ನೀರಿನ ಟಬ್ಬಿಗೇ ಹಾಕಿದಳು. ನೀರೊಳಗೆ ಒಂದೊಂದೇ ಹಾಳೆ ಬಿಡಿಸಿದಳು. ಒಂದು ಬಿಟ್ಟು ಎಲ್ಲ ಬಂದವು. ಗಡ್ಡದ ಕವಿಯೊಬ್ಬನ ಮುಖ ಮಾತ್ರ ಚೂರುಚೂರಾಗಿ ಕಿತ್ತುಹೋಗಿ, ಭುಜದಿಂದ ಮೇಲಕ್ಕೆ ಬರೀ ಬಿಳಿ ಉಳಿಯಿತು.

ಒಣಗಿಸಿ, ಹೊಲಿದು, ರಟ್ಟು ಕಟ್ಟಿದಳು. ಮೇಷ್ಟ್ರು ಬರುವ ದಿನ ಅವಳು ಬೆಳಿಗ್ಗೆಯಿಂದಲೇ ಬಾಗಿಲತ್ತ ನೋಡುತ್ತಿದ್ದಳು. ಅವರು ಬಾಯಿಬಿಟ್ಟರೆ ಗ್ರಂಥಾಲಯದ ಕೆಲಸ ಹೋದಂತೆಯೇ. ಆಮೇಲೆ ಅವಳ ಕೈಗೆ ಯಾರು ಪುಸ್ತಕ ಕೊಟ್ಟಾರು? ಹೇಳುವುದೇ ಬೇಡ, ವಯಸ್ಸಾದ ಕಣ್ಣು, ಗಮನಿಸಲಿಕ್ಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೇಷ್ಟ್ರು ಬಂದರು, ಕಟ್ಟು ಮೆಚ್ಚಿದರು. ನಿಂತಲ್ಲೇ ಚಿತ್ರ ತಿರುವುತ್ತ ಆ ಹಾಳೆಗೆ ಬಂದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಂದು ಕಣ್ಣು ಮುಚ್ಚಿ ನೋಡಿದರು, ಆಮೇಲೆ ಇನ್ನೊಂದು.

"ಕಣ್ಣಿನ ಡಾಕ್ಟರು ಹೇಳಿದ್ರಮ್ಮ, ನೋಟದ ನಡುಭಾಗ ಕಾಣೋದು ನಿಂತುಹೋಗುತ್ತೆ, ಮುಖಗಳೇ ಮೊದಲು ಹೋಗ್ತವೆ ಅಂತ," ಅಂದರು. "ಇಷ್ಟು ಬೇಗ ಅಂದ್ಕೊಂಡಿರಲಿಲ್ಲ."

ಹೆದರಿದವರಿಗೆ ಹಗ್ಗವೂ ಹಾವೇ. ಇನ್ನು ಅದರಿಂದೇನು ಉಪಯೋಗ ಎಂಬಂತೆ ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟರು. ಸುಮ್ಮನಿದ್ದರೆ ಗೋಂದಕ್ಕ ಬಚಾವಾಗುತ್ತಿದ್ದಳು. ಅವಳಿಂದ ಆಗಲಿಲ್ಲ.

"ಕಣ್ಣಲ್ಲ ಸಾರ್. ಚಿತ್ರಾನೇ ಕಿತ್ತುಹೋಗಿದೆ. ನಾನೇ ಕೆಡಿಸಿದೆ."

ಮೇಷ್ಟ್ರು ಪುಟದಿಂದ ಕಣ್ಣೆತ್ತಲಿಲ್ಲ. "ಸಮಾಧಾನಕ್ಕೆ ಹೇಳ್ತಿಲ್ಲ ತಾನೇ? ನಿಜವಾಗ್ಲೂ ನೀನೇ ಕೆಡಿಸಿದ್ದಾ?"

"ನಾನೇ ಸಾರ್."

ಅವರು ಕುರ್ಚಿಯಲ್ಲಿ ಕುಸಿದು ಕೂತು, ಇನ್ನೊಂದು ಸಲ ಹೇಳು ಅಂದರು.