ಕೀಲಿಗೆ ಹೋದ ಕಚ್ಚಾತೈಲ

ಹೊಳೆನರಸೀಪುರದಿಂದ ಬೆಳಗಿನ ಬಸ್ಸಿಗೆ ಹೊರಟೆ. ನಾನು ಅಲ್ಲಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಮುಂಬಯಿಯ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿದ್ದ ಭಾವಮೈದ ಕಳಿಸಿದ ಒಂದು ಸೀಸೆ ಕಚ್ಚಾತೈಲ ನನ್ನ ಪೆಟ್ಟಿಗೆಯಲ್ಲಿತ್ತು. ಅದನ್ನು ಕಾಯಿಸಿ ತೋರಿಸಿದರೆ ತಮ್ಮ ಶಾಲೆಗೊಂದು ವಿಜ್ಞಾನದ ಕೊಠಡಿ ಕೊಡುವ ಮಾತಾಡೋಣವೆಂದು ಕೊಣನೂರಿನಾಚೆಯ ಹಳ್ಳಿಯ ಹಿರಿಯರು ಹೇಳಿದ್ದರು. ಅಲ್ಲಿನ ಮಕ್ಕಳು ಅದುವರೆಗೆ ಪ್ರಯೋಗ ಕಂಡದ್ದು ಪುಸ್ತಕದ ಚಿತ್ರದಲ್ಲಿ ಮಾತ್ರ.

ಅರಕಲಗೂಡಿನಲ್ಲಿ ಬಿಸಿ ಇಡ್ಲಿ ತಿಂದು ಬಸ್ಸು ಬದಲಿಸಿದೆ. ಅದು ಅರ್ಧ ದಾರಿಯಲ್ಲೇ ಕೈಕೊಟ್ಟಿತು. ಅದೇ ಹಳ್ಳಿಯ ನಿಂಗೇಗೌಡರು ಪುಣ್ಯಕ್ಕೆ ತಮ್ಮ ಎತ್ತಿನಗಾಡಿ ಹತ್ತಿಸಿಕೊಂಡರು. ಕುಲುಕಾಟಕ್ಕೆ ಹೆದರಿ ಸೀಸೆಯನ್ನು ಹುಲ್ಲಿನಲ್ಲಿ ಹುದುಗಿಸಿಟ್ಟೆ. ಚಕ್ರ ಒಂದೇ ಸಮನೆ ಕಿರುಗುಟ್ಟುತ್ತಿತ್ತು. ನಾನು ಕಾಲುವೆಗೆ ಇಳಿದು ಮುಖ ತೊಳೆದು ಬರುವಷ್ಟರಲ್ಲಿ ಗೌಡರು ಸೀಸೆಯನ್ನು ಅಚ್ಚಿಗೆ ಬಗ್ಗಿಸಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಅಚ್ಚಿಗೆ ಹಾಕುವ ಕೀಲೆಣ್ಣೆಯೂ ಹಾಗೇ ಕಪ್ಪಗಿರುತ್ತದೆ.

“ಮನೇಲಿ ಕೀಲೆಣ್ಣೆ ಮಡಗವ್ರೆ ಅನ್ಕಂಡು ಉಯ್ದ್ಬುಟ್ಟೆ ಸಾ,” ಎಂದರು.

ನನಗೆ ರೇಗಿತು, ಅಳುವೂ ಬಂತು. ತಳದಲ್ಲಿ ಎರಡು ಬೆರಳಷ್ಟು ಉಳಿದಿತ್ತು.

ಶಾಲೆಯಲ್ಲಿ ಮಕ್ಕಳು, ಹಿರಿಯರ ಮುಂದೆ ಅಷ್ಟನ್ನೇ ಗಾಜಿನ ಬುರುಡೆಗೆ ಹಾಕಿ, ಬಾಯಿಗೆ ಕೊಳವೆ ಸಿಕ್ಕಿಸಿ ಕಾಯಿಸಿದೆ. ಇಂಗಾಲ, ಜಲಜನಕದ ಕಣಗಳು ಕೈಕೈ ಹಿಡಿದು ಸರಪಳಿಯಾಗಿರುತ್ತವೆ ಎಂದೆ. ಗಿಡ್ಡ ಸರಪಳಿ ಸ್ವಲ್ಪ ಕಾವಿಗೇ ಆವಿಯಾಗುತ್ತದೆ, ಅದು ಪೆಟ್ರೋಲು. ಕಾವು ಏರಿದಂತೆ ಸೀಮೆಎಣ್ಣೆ, ಆಮೇಲೆ ಡೀಸೆಲ್. ಬಲು ಉದ್ದದ್ದು ತಳದಲ್ಲೇ ಕೂತು ರಸ್ತೆಯ ಡಾಂಬರಾಗುತ್ತದೆ. ಎಲ್ಲರೂ ಕೊಳವೆಯ ತುದಿಯನ್ನೇ ನೋಡುತ್ತಿದ್ದರು. ಕೊನೆಗೂ ಆವಿ ತಣಿದು ತಿಳಿನೀರಿನಂಥ ಹನಿಗಳು ಉದುರಿದವು. ಬತ್ತಿಗೆ ಹಚ್ಚಿ ಕಡ್ಡಿ ಗೀರಿದೆ, ಉರಿಯಿತು.

“ಎಲ್ಲಾ ಸರಿ ಮೇಷ್ಟ್ರೆ,” ಎಂದರು ಹಿರಿಯರಲ್ಲೊಬ್ಬರು, “ಕೊಠಡಿ ಎಲ್ಲೈತೆ? ಈ ವರ್ಸ ಕಟ್ಸಕ್ಕಾಗಕ್ಕಿಲ್ಲ.”

ಹಿಂದಿನಿಂದ ನಿಂಗೇಗೌಡರು ಎದ್ದರು.

“ಮೇಷ್ಟ್ರ ಎಣ್ಣೆ ಸುರ್ದೋನು ನಾನು ಕಣಣ್ಣ. ನನ್ ಗಾಡಿ ಕೊಟ್ಗೆ ಮಕ್ಳಿಗಾಗ್ಲಿ. ಗಾಡಿ ಮಳೇಲಿ ನಿಂತ್ರೆ ಕರಗೋಯ್ತದಾ?”

ನಾನು ಗೌಡರ ಎರಡೂ ಕೈ ಹಿಡಿದುಕೊಂಡೆ. ಅವರ ಮೇಲೆ ರೇಗಿದ್ದು ನೆನೆದು ನಾಚಿಕೆಯಾಯಿತು, ಬಸ್ಸು ಕೆಟ್ಟದ್ದೇ ಒಳ್ಳೆಯದಾಯಿತೆನಿಸಿತು.

ಮರುದಿನ ಬೆಳಿಗ್ಗೆ ಕೊಣನೂರಿನ ಬಸ್ಸಿಗೆಂದು ಹೊರಟಾಗ ಸೋನೆ ಹಿಡಿದಿತ್ತು. ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಕೊಟ್ಟಿಗೆಯೊಳಗೆ ಮಕ್ಕಳು ಕಸ ಗುಡಿಸುತ್ತಿದ್ದರು. ಹೊರಗೆ ಹೊಂಗೆಮರದಡಿ ಗಾಡಿ ನೆನೆಯುತ್ತಾ ನಿಂತಿತ್ತು.